ಗಣಕಯಂತ್ರದ ಬೀಸುವ ಕೂಲಿ

ಹಿರೇಕೊಟ್ನೆಕಲ್ಲಿನಂತಹ ಊರುಗಳಲ್ಲಿ ಹಿಟ್ಟಿನ ಗಿರಣಿಗೆ ಹೋದವರೆಲ್ಲರೂ ಒಂದು ಸಂಗತಿಯನ್ನು ಕಂಡಿರುತ್ತಾರೆ. ಗಿರಣಿಯವನು ಗಡಿಯಾರ ನೋಡಿ ಕೂಲಿ ಕೇಳುವುದಿಲ್ಲ. ಕಾಳು ತೂಗಿ ಕೇಳುತ್ತಾನೆ. ಜೋಳಕ್ಕೆ ಒಂದು ದರ, ಒಣ ಮೆಣಸಿನಕಾಯಿಗೆ ಮತ್ತೊಂದು. ಯಾವುದನ್ನು ಬೀಸಲು ಎಷ್ಟು ಹೊತ್ತು ಬೇಕು, ಎಷ್ಟು ವಿದ್ಯುತ್ತು ವ್ಯಯವಾಗುವುದು ಎಂಬ ಅನುಭವವೇ ಆ ದರದೊಳಗೆ ಅಡಗಿದೆ. ಅರಿಶಿಣದ ಕೊಂಬಿಗೂ ಜೋಳದ ದರವನ್ನೇ ಅವನು ತಪ್ಪಿ ಹಲಗೆಯ ಮೇಲೆ ಬರೆದನೆಂದು ಭಾವಿಸೋಣ. ಯಾರೋ ಒಬ್ಬನು ಚೀಲಗಟ್ಟಲೆ ಕೊಂಬು ತಂದು ಸುರಿದರೆ, ಕೂಲಿಯು ಕಾಸೂ ತಪ್ಪದೆ ಸಂದಾಯವಾದರೂ, ಸಾಲಿನಲ್ಲಿ ನಿಂತವರಿಗೆ ರಾತ್ರಿಯ ರೊಟ್ಟಿಗೆ ಹಿಟ್ಟು ದೊರೆಯದು. 2016ರಲ್ಲಿ ಇಥೀರಿಯಂ ಎಂಬ ಬ್ಲಾಕ್‌ಚೈನಿಗೆ ಒದಗಿದ ಸಂಕಟವು ಇಂತಹುದೇ.

ಬ್ಲಾಕ್‌ಚೈನ್ ಎಂದರೆ ಸಾವಿರಾರು ಗಣಕಯಂತ್ರಗಳು ಪ್ರತಿಯೊಂದೂ ತನ್ನಲ್ಲಿ ಒಂದೊಂದು ಪ್ರತಿಯನ್ನಿಟ್ಟುಕೊಂಡು ನಡೆಸುವ ಲೆಕ್ಕದ ಪುಸ್ತಕ. ಅದರ ಒಂದೊಂದು ಪುಟವೇ ಒಂದೊಂದು ಬ್ಲಾಕ್. 2015ರ ಜುಲೈ 30ರಂದು ಆರಂಭವಾದ ಇಥೀರಿಯಮ್ಮಿನಲ್ಲಿ ಹಣದ ಲೆಕ್ಕದ ಜೊತೆಗೆ ಕರಾರುಗಳನ್ನೂ ಪ್ರೋಗ್ರಾಂ ರೂಪದಲ್ಲಿ ಬರೆದಿಡಬಹುದು. ಇವೇ ಸ್ಮಾರ್ಟ್ ಕಾಂಟ್ರ್ಯಾಕ್ಟುಗಳು. ಯಾರಾದರೊಬ್ಬರು ಇಂತಹ ಕರಾರನ್ನು ಚಾಲನೆಗೊಳಿಸಿದರೆ ಎಲ್ಲ ಯಂತ್ರಗಳೂ ಅದನ್ನು ನಡೆಸಿ, ಒಂದೇ ಉತ್ತರಕ್ಕೆ ಬರಬೇಕು.

ಕೊನೆಯೇ ಇಲ್ಲದ ಪ್ರೋಗ್ರಾಮೊಂದನ್ನು ಯಾರಾದರೂ ಬರೆದರೆ ಗತಿಯೇನು? ಯಾವ ಪ್ರೋಗ್ರಾಂ ನಿಲ್ಲುವುದು, ಯಾವುದು ನಿಲ್ಲದು ಎಂಬುದನ್ನು ಮುಂದಾಗಿಯೇ ಹೇಳಬಲ್ಲ ಸಾರ್ವತ್ರಿಕ ವಿಧಾನವಿಲ್ಲವೆಂದು ಅಲನ್ ಟ್ಯೂರಿಂಗ್ 1936ರಲ್ಲಿಯೇ ತೋರಿಸಿದ್ದನು. ಆದುದರಿಂದ ಪ್ರತಿಯೊಂದು ಆಜ್ಞೆಗೂ ಇಂತಿಷ್ಟು 'ಗ್ಯಾಸ್' ಎಂದು ಇಂಧನದ ದರವನ್ನು ಗೊತ್ತುಪಡಿಸಿದರು. ಗ್ಯಾಸ್ ಮುಗಿದೊಡನೆ ಕೆಲಸ ನಿಲ್ಲುತ್ತದೆ. ಎರಡು ಸಂಖ್ಯೆಗಳನ್ನು ಕೂಡಲು 3, ಗುಣಿಸಲು 5, ಶಾಶ್ವತ ಸಂಗ್ರಹದಲ್ಲಿ ಹೊಸದೊಂದು ಬೆಲೆಯನ್ನು ಬರೆದಿಡಲು 20,000.

ಇಷ್ಟೆಲ್ಲ ಏಕೆ, ಸೆಕೆಂಡುಗಳನ್ನೇ ಅಳೆಯಬಾರದೇ ಎಂದು ಭೌತಶಾಸ್ತ್ರದ ವಿದ್ಯಾರ್ಥಿಯು ಕೇಳುವುದು ಸಹಜ. ಅಳೆಯಲಾಗದು. ಒಂದು ಯಂತ್ರ ಚುರುಕು, ಇನ್ನೊಂದು ಮಂದ. ಒಂದರಲ್ಲಿ ಮುಗಿದ ಕೆಲಸವು ಇನ್ನೊಂದರಲ್ಲಿ ಅರ್ಧಕ್ಕೇ ನಿಂತರೆ ಪುಸ್ತಕದ ಪ್ರತಿಗಳು ಬೇರೆ ಬೇರೆಯಾಗುವುವು. ಹಾಗಾಗಿ ಗಡಿಯಾರವನ್ನು ಬಿಟ್ಟು ದರದ ಪಟ್ಟಿಯನ್ನೇ ನಂಬಬೇಕಾಯಿತು. ಆದರೆ ಪಟ್ಟಿಯಲ್ಲಿರುವುದು ಮನುಷ್ಯನ ಅಂದಾಜು. ಯಂತ್ರಕ್ಕೆ ತಗಲುವುದು ನಿಜವಾದ ಕಾಲ.

2016ರ ಸೆಪ್ಟೆಂಬರಿನಲ್ಲಿ ಯಾರೋ ಈ ಬಿರುಕನ್ನು ಕಂಡುಹಿಡಿದರು. ಇನ್ನೊಂದು ಕರಾರಿನ ಗಾತ್ರವೆಷ್ಟೆಂದು ಕೇಳುವ ಆಜ್ಞೆಯೊಂದುಂಟು. ಅದರ ಹೆಸರು ಎಕ್ಸ್‌ಟ್‌ಕೋಡ್‌ಸೈಜ್. ಅದರ ದರ ಕೇವಲ 20, ಅಂದರೆ ಸುಮಾರು ಏಳು ಕೂಡಿಕೆಗಳ ಬೆಲೆ. ಆದರೆ ಉತ್ತರ ಹೇಳಬೇಕಾದರೆ ಯಂತ್ರವು ಮರದಂತೆ ಕವಲೊಡೆದ ಖಾತೆಗಳ ಸಂಗ್ರಹದಲ್ಲಿ ಕೊಂಬೆಯಿಂದ ಕೊಂಬೆಗೆ ಇಳಿದು, ಡಿಸ್ಕಿನಿಂದ ಆ ಖಾತೆಯನ್ನು ಹೊರತೆಗೆಯಬೇಕು. ಆಕ್ರಮಣಕಾರನು ಇದನ್ನೇ ಮತ್ತೆ ಮತ್ತೆ ಕೇಳಿದನು. ಒಂದೊಂದು ಬ್ಲಾಕಿನಲ್ಲಿ ಸುಮಾರು 50,000 ಸಲ ಡಿಸ್ಕನ್ನು ತಡಕಬೇಕಾಯಿತು. ಸಾಮಾನ್ಯವಾಗಿ ಸುಮಾರು 15 ಸೆಕೆಂಡಿಗೊಂದು ಬ್ಲಾಕ್ ಹುಟ್ಟಬೇಕಾಗಿದ್ದಲ್ಲಿ, ಅದನ್ನು ಪರಿಶೀಲಿಸಲಿಕ್ಕೇ 20ರಿಂದ 60 ಸೆಕೆಂಡು ಹಿಡಿಯಿತು. ಭಾಗಿಸಿ ನೋಡಿರಿ: ಒಂದು ಹುಡುಕಾಟಕ್ಕೆ 0.4ರಿಂದ 1.2 ಮಿಲಿಸೆಕೆಂಡು. ಏಳು ಕೂಡಿಕೆಗಳಿಗಾದರೋ ಮಿಲಿಸೆಕೆಂಡಿನ ನೂರರಲ್ಲೊಂದು ಪಾಲೂ ಬೇಡ.

ಈ ದೋಷದ ವೈಚಿತ್ರ್ಯವನ್ನು ಗಮನಿಸಬೇಕು. ಎಲ್ಲಿಯೂ ಲೆಕ್ಕ ತಪ್ಪಿರಲಿಲ್ಲ. ಎಲ್ಲ ಯಂತ್ರಗಳೂ ಒಂದೇ ಉತ್ತರವನ್ನು ಹೇಳುತ್ತಿದ್ದವು, ಗ್ಯಾಸಿನ ಮೊತ್ತವೂ ಕರಾರುವಾಕ್ಕಾಗಿತ್ತು. ಕಾರ್ಯಕ್ರಮವನ್ನು ಆಜ್ಞೆ ಆಜ್ಞೆಯಾಗಿ ಬಿಡಿಸಿ, ಒಂದೊಂದರ ದರದ ಪಕ್ಕದಲ್ಲಿ ಅದರ ಕಾಲವನ್ನಿಟ್ಟು ನೋಡಿದಾಗಲೇ ರೋಗ ಸಿಕ್ಕುವಂತಹುದು. ಪ್ರಯೋಗಶಾಲೆಯಲ್ಲಿ ಉಪಕರಣದ ಮಾಪನಾಂಕವನ್ನು ತಿದ್ದುವ ಕೆಲಸಕ್ಕೂ ಇದಕ್ಕೂ ನನಗೆ ಹೆಚ್ಚಿನ ಅಂತರ ಕಾಣದು.

ತಾತ್ಕಾಲಿಕವಾಗಿ ಒಂದು ಬ್ಲಾಕಿನೊಳಗೆ ಹಿಡಿಸುವ ಗ್ಯಾಸಿನ ಮಿತಿಯನ್ನೇ ತಗ್ಗಿಸಲು ಕೇಳಿಕೊಂಡರು. ಅಕ್ಟೋಬರ್ 18ರಂದು ಹೊಸ ದರಪಟ್ಟಿ ಜಾರಿಗೆ ಬಂದಿತು: ಗಾತ್ರ ಕೇಳುವ ಆಜ್ಞೆಗೆ 20ರ ಬದಲು 700, ಸಂಗ್ರಹದಿಂದ ಒಂದು ಬೆಲೆಯನ್ನು ಓದಲು 50ರ ಬದಲು 200. ಈಗ 50,000 ಹುಡುಕಾಟಗಳಿಗೆ ಮೂರೂವರೆ ಕೋಟಿ ಗ್ಯಾಸ್ ಬೇಕು. ಆಕ್ರಮಣಕ್ಕೆ ಮುಂಚೆ ಇದ್ದ ಮಿತಿಯಾದರೂ ಬ್ಲಾಕಿಗೆ ಐವತ್ತು ಲಕ್ಷಕ್ಕಿಂತ ಕಡಿಮೆ. ಕರಾರನ್ನು ಅಳಿಸುವ ಆಜ್ಞೆಗಂತೂ ಅಲ್ಲಿಯವರೆಗೆ ದರವೇ ಇರಲಿಲ್ಲ! ಅದರ ಮೂಲಕ ತುಂಬಿಸಿದ್ದ ಸುಮಾರು 1 ಕೋಟಿ 90 ಲಕ್ಷ ಬರಿದಾದ ಖಾತೆಗಳನ್ನು ಗುಡಿಸಿಹಾಕಲು ನವೆಂಬರಿನಲ್ಲಿ ಇನ್ನೊಂದು ಪರಿಷ್ಕರಣ ಬೇಕಾಯಿತು.

ದರವನ್ನು ಒಮ್ಮೆ ತಿದ್ದಿದರೆ ಸಾಲದು. ಖಾತೆಗಳು ಹೆಚ್ಚಿದಂತೆ ಆ ಮರವೂ ಬೆಳೆಯುತ್ತದೆ, ಹುಡುಕಾಟವೂ ದೀರ್ಘವಾಗುತ್ತದೆ. 2019ರ ಡಿಸೆಂಬರಿನಲ್ಲಿ ಓದುವ ದರವನ್ನು 200ರಿಂದ 800ಕ್ಕೆ ಏರಿಸಿದರು. ಅದರಿಂದ ಬೇರೊಂದು ತೊಡಕು ಎದುರಾಯಿತು. ಒಮ್ಮೆ ಬರೆದಿಟ್ಟ ಕರಾರನ್ನು ಸಾಮಾನ್ಯವಾಗಿ ತಿದ್ದಲು ಬಾರದು. ಹಣ ಪಡೆಯುವಾಗ ದೊರೆಯುವ 2,300 ಗ್ಯಾಸಿನೊಳಗೇ ಕೆಲಸ ಮುಗಿಯುವುದೆಂದು ನಂಬಿ ಬರೆದ ಹಳೆಯ ಕೆಲವು ಕರಾರುಗಳು ಹೊಸ ದರದಲ್ಲಿ ಮುಗ್ಗರಿಸುವಂತಾದವು. ತಪ್ಪು ಅವುಗಳನ್ನು ಬರೆದವರದೇ, ದರ ಬದಲಿಸಿದವರದೇ ಎಂಬ ವಾದಕ್ಕೆ ಎರಡೂ ಕಡೆ ನ್ಯಾಯವಿದೆ.

2021ರ ಏಪ್ರಿಲಿನ ಪರಿಷ್ಕರಣವು ಹೆಚ್ಚು ಜಾಣತನದ್ದು. ಒಂದು ವ್ಯವಹಾರದಲ್ಲಿ ಒಂದು ಬೆಲೆಯನ್ನು ಮೊದಲ ಸಲ ಓದಿದರೆ 2,100. ಅದೇ ವ್ಯವಹಾರದಲ್ಲಿ ಅದನ್ನೇ ಮತ್ತೆ ಓದಿದರೆ 100 ಮಾತ್ರ, ಏಕೆಂದರೆ ಅದು ಆಗಲೇ ಡಿಸ್ಕಿನಿಂದ ಯಂತ್ರದ ನೆನಪಿಗೆ ಬಂದಿರುತ್ತದೆ. ಹಳೆಯ ಕರಾರುಗಳು ಮುಗ್ಗರಿಸದಿರಲೆಂದು, ತಾನು ಮುಟ್ಟಲಿರುವ ಖಾತೆಗಳ ಪಟ್ಟಿಯನ್ನು ಮೊದಲೇ ಕೊಟ್ಟು ಅದರ ದರವನ್ನು ಮುಂಗಡವಾಗಿ ಸಲ್ಲಿಸುವ ಅವಕಾಶವನ್ನೂ ಅದರೊಡನೆ ಕಲ್ಪಿಸಲಾಯಿತು.