ನಿಮಗಿದು ಗೊತ್ತೇ? ಉಣ್ಣದೆ ಹಾರುವ ಭೂತ ಪತಂಗ

ಕೆನಡಾದ ಕಾಡುಗಳಲ್ಲಿ, ಆಸ್ಪೆನ್ ಮತ್ತು ವಿಲೋ ಮರಗಳ ನಡುವೆ, ಬೇಸಿಗೆಯ ಸಂಜೆ ಹಾರುವ ದೊಡ್ಡ ಭೂತ ಪತಂಗವೊಂದಿದೆ. ವೈಜ್ಞಾನಿಕ ಹೆಸರು ಸ್ಥೆನೋಪಿಸ್ ಪರ್ಪುರಾಸೆನ್ಸ್. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 66ರಿಂದ 100 ಮಿಲಿಮೀಟರ್. ಇದು ಏನು ತಿನ್ನುತ್ತದೆ ಗೊತ್ತೇ? ಏನೂ ಇಲ್ಲ! ಭೂತ ಪತಂಗಗಳ ಬಾಯಿಯ ಭಾಗಗಳು ಉಣ್ಣಲಾಗದಷ್ಟು ಕುಗ್ಗಿಹೋಗಿವೆ.

ಹಾರುವ ಕಸುವೆಲ್ಲ ಮರಿಹುಳುವಾಗಿದ್ದಾಗ ಕೂಡಿಟ್ಟದ್ದು. ಅದಕ್ಕಾಗಿ ಈ ಹುಳು ಮರದ ಬೇರು, ಬುಡಗಳನ್ನು ಕೊರೆಯುತ್ತ ಸುಮಾರು ಎರಡು ವರ್ಷ ಕತ್ತಲಲ್ಲೇ ಕಳೆಯುತ್ತದೆ. ನಾವು ಪತಂಗ ಎಂದು ಗುರುತಿಸುವುದು ಆ ದೀರ್ಘ ಬದುಕಿನ ಕೊನೆಯ ಕೆಲವು ದಿನಗಳನ್ನು ಮಾತ್ರ.

ಹೆಚ್ಚಿನ ಪತಂಗಗಳಲ್ಲಿ ಹಿಂದಿನ ರೆಕ್ಕೆಯ ಬುಡದ ಗಡುಸು ಕೂದಲು ಮುಂದಿನ ರೆಕ್ಕೆಗೆ ಸಿಕ್ಕಿಕೊಂಡು ಎರಡನ್ನೂ ಜೊತೆಯಾಗಿಸುತ್ತದೆ. ಭೂತ ಪತಂಗದಲ್ಲಿ ಆ ಕೆಲಸ ಮುಂದಿನ ರೆಕ್ಕೆಯ ಬುಡದಲ್ಲಿರುವ ಚಿಕ್ಕ ಚಾಚಿನದು. ಪತಂಗಗಳ ವಂಶವೃಕ್ಷದಲ್ಲಿ ಬಹಳ ಹಿಂದೆಯೇ ಬೇರೆಯಾದ ಕವಲಿನ ಗುರುತು ಇದು.

‘ಭೂತ’ ಏಕೆ? 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ ಯೂರೋಪಿನ ಹೆಪಿಯಾಲಸ್ ಹ್ಯುಮುಲಿಯ ಗಂಡುಗಳು ಅಚ್ಚ ಬಿಳಿ. ಮುಸ್ಸಂಜೆ ಹುಲ್ಲಿನ ಮೇಲೆ ಗುಂಪಾಗಿ, ನೂಲಿಗೆ ಕಟ್ಟಿ ತೂಗಿದಂತೆ ಒಂದೇ ಕಡೆ ಓಲಾಡುತ್ತ ಹೆಣ್ಣನ್ನು ಸೆಳೆಯುತ್ತವೆ. ಉತ್ತರದ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಮಾತ್ರ ಎಷ್ಟೋ ಗಂಡುಗಳು ಹೆಣ್ಣಿನಂತೆ ಹಳದಿ, ಕಂದು! ಬೇಸಿಗೆಯ ರಾತ್ರಿ ಅಲ್ಲಿ ಪೂರ್ತಿ ಕತ್ತಲಾಗುವುದಿಲ್ಲ. ಬಿಳಿಯಾದರೆ ಹಕ್ಕಿಗಳ ಕಣ್ಣಿಗೆ ಬೀಳುವುದು ಸುಲಭ ಎಂಬುದು ಒಂದು ವಿವರಣೆ.

ಮೊಟ್ಟೆಯ ಲೆಕ್ಕವಂತೂ ಬೆರಗು. ಭೂತ ಪತಂಗಗಳ ಕುಟುಂಬದ ಅನೇಕ ಹೆಣ್ಣುಗಳು ಎಲೆ ಹುಡುಕಿ ಅಂಟಿಸುವ ಗೋಜಿಗೇ ಹೋಗದೆ, ಹಾರುತ್ತಲೇ ಮೊಟ್ಟೆ ಉದುರಿಸುತ್ತವೆ. ಆಸ್ಟ್ರೇಲಿಯಾದ ಟ್ರಿಕ್ಟೆನಾ ಜಾತಿಯ ಒಂದೇ ಹೆಣ್ಣು 29,000ಕ್ಕೂ ಹೆಚ್ಚು ಮೊಟ್ಟೆ ಇಟ್ಟದ್ದು ದಾಖಲಾಗಿದೆ. ಅದರ ಅಂಡಾಶಯದಲ್ಲಿ ಇನ್ನೂ ಸುಮಾರು 15,000 ಉಳಿದಿದ್ದವು! ನೆಲಕ್ಕೆ ಬಿದ್ದ ಮೊಟ್ಟೆಯಿಂದ ಹೊರಬಂದ ಮರಿ ತನ್ನ ಆಹಾರವನ್ನು ತಾನೇ ಹುಡುಕಿಕೊಳ್ಳಬೇಕು, ಅದಕ್ಕೇ ಇಷ್ಟೊಂದು.

ಹಿಮಾಲಯದಲ್ಲಿ ದುಬಾರಿ ಬೆಲೆಗೆ ಮಾರುವ ‘ಕೀಡಾ ಜಡಿ’ ಏನೆಂದುಕೊಂಡಿರಿ? ಮಣ್ಣೊಳಗಿನ ಭೂತ ಪತಂಗದ ಮರಿಹುಳುವನ್ನು ಶಿಲೀಂಧ್ರವೊಂದು ಕೊಂದು, ಅದರ ತಲೆಯಿಂದ ಮೇಲಕ್ಕೆ ಚಿಗುರಿದ ರೂಪ.

ನಮ್ಮ ಪಶ್ಚಿಮ ಘಟ್ಟದಲ್ಲೂ ಈ ಬಳಗದ ಸಹ್ಯಾದ್ರಾಸಸ್ ಮಲಬಾರಿಕಸ್ ಇದೆ. ಎಳೆಯ ತೇಗದ ಕಾಂಡದ ಮೇಲೆ ಮರದ ಪುಡಿಯನ್ನು ರೇಷ್ಮೆಯೆಳೆಯಿಂದ ಹೆಣೆದ ಮುಚ್ಚಳ ಕಂಡರೆ, ಅದರ ಹಿಂದಿನ ಸುರಂಗದಲ್ಲಿ ಇದರ ಹುಳು ಇರಬಹುದು.