ಗೆದ್ದ ದಾವೆ, ಕೈಗೆ ಬಾರದ ಹಣ

‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಕೋರ್ಟಿನ ಮೆಟ್ಟಿಲು ಹತ್ತಿದವರ ಅನುಭವದಿಂದ ಹುಟ್ಟಿದ್ದು. ಭಾರತದಲ್ಲಿ ದಾವೆದಾರನ ಕಷ್ಟಗಳು ಮೊದಲಾಗುವುದೇ ಡಿಕ್ರಿ ಕೈಸೇರಿದ ಮೇಲೆ ಎಂಬ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲು 1872ರಷ್ಟು ಹಿಂದೆಯೇ ಆಡಿತ್ತು. ಡಿಕ್ರಿಯೆಂದರೆ ಹಣವಲ್ಲ, ಹಣ ಕೊಡಬೇಕೆಂಬ ಅಪ್ಪಣೆ. ಅದನ್ನು ಹಣವಾಗಿಸಿಕೊಳ್ಳಲು ಗೆದ್ದವನೇ ಮತ್ತೆ ದರಖಾಸ್ತು ಹಾಕಬೇಕು.

ಸವದತ್ತಿ ತಾಲೂಕಿನ ಸಿರಸಂಗಿಯ ವ್ಯಾಪಾರಿಯೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಪರಿಚಯದ ನೌಕರನೊಬ್ಬನಿಗೆ ಕೈಗಡವಾಗಿ ಕೊಟ್ಟಿದ್ದಾನೆ. ಹಣ ಮರಳಲಿಲ್ಲ. ಸವದತ್ತಿಯ ನ್ಯಾಯಾಲಯ 3,60,000 ರೂಪಾಯಿಗಳ ಡಿಕ್ರಿ ಕೊಟ್ಟಿದೆ. ಋಣಿಗೆ ಹೊಲವಿಲ್ಲ, ಮನೆ ಬಾಡಿಗೆಯದು. ಆದರೆ ತಿಂಗಳು ತಿಂಗಳು ಸಂಬಳವುಂಟು, ಬ್ಯಾಂಕಿನಲ್ಲಿ ಖಾತೆಯುಂಟು.

ಇಂತಹ ಸಂದರ್ಭಕ್ಕೆಂದೇ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಒಂದು ದಾರಿಯನ್ನು ತೆರೆದಿಟ್ಟಿದೆ. ಋಣಿಗೆ ಸಲ್ಲಬೇಕಾದ ಹಣ ಮೂರನೆಯವನ ಕೈಯಲ್ಲಿದ್ದರೆ, ಅದನ್ನು ಅಲ್ಲಿಯೇ ತಡೆಯಬಹುದು. ಖಾತೆಯಲ್ಲಿರುವ ಹಣ ಕಾನೂನಿನ ದೃಷ್ಟಿಯಲ್ಲಿ ಬ್ಯಾಂಕು ತನ್ನ ಗಿರಾಕಿಗೆ ತೀರಿಸಬೇಕಾದ ಸಾಲ. ಆ ಸಾಲ ಜಪ್ತಿಯಾದ ಮೇಲೆ, ಹಣವನ್ನು ನ್ಯಾಯಾಲಯದಲ್ಲಿ ಕಟ್ಟು, ಇಲ್ಲವೆ ಏಕೆ ಕಟ್ಟಬಾರದೆಂಬುದಕ್ಕೆ ಕಾರಣ ತೋರಿಸು ಎಂದು ಬ್ಯಾಂಕಿಗೆ ನೋಟೀಸು ಹೋಗುತ್ತದೆ. ಕಾನೂನಿನ ಭಾಷೆಯಲ್ಲಿ ಇಂತಹ ಮೂರನೆಯವನೇ ‘ಗಾರ್ನಿಷೀ’. ಅವನನ್ನು ಕುರಿತ ವಿವರವಾದ ನಿಯಮಗಳು 1976ರ ತಿದ್ದುಪಡಿಯಿಂದ ಬಂದವು. ಅವನು ಕಟ್ಟಿದ ಹಣದಷ್ಟರ ಮಟ್ಟಿಗೆ ಋಣಿಯ ವಿಷಯದಲ್ಲಿ ಅವನ ಹೊಣೆ ತೀರುತ್ತದೆ. ಹಣವನ್ನೂ ಕಟ್ಟದೆ, ಹಾಜರಾಗಿ ಕಾರಣವನ್ನೂ ತೋರಿಸದೆ ಸುಮ್ಮನಿದ್ದರೆ, ಡಿಕ್ರಿ ಅವನ ಮೇಲೆಯೇ ಆದಂತೆ ವಸೂಲಿ ನಡೆಯಬಹುದು.

ಸಂಬಳದ ಲೆಕ್ಕವೇ ಬೇರೆ. ವಿನಾಯಿತಿ ಪಡೆದ ಭತ್ಯೆಗಳನ್ನು ಕಳೆದು, ಉಳಿದುದರಲ್ಲಿ ಮೊದಲ 1,000 ರೂಪಾಯಿಯನ್ನೂ ಮಿಕ್ಕ ಹಣದ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಹೀಗೆ ಲೆಕ್ಕಕ್ಕೆ ಬರುವ ಸಂಬಳ 31,000 ರೂಪಾಯಿಯಾದರೆ, ಜಪ್ತಿಗೆ ಸಿಗುವುದು ತಿಂಗಳಿಗೆ 10,000 ಮಾತ್ರ. ಅದೂ ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು. ಆಮೇಲೆ ಆ ಡಿಕ್ರಿಯ ಮಟ್ಟಿಗೆ ಆ ಸಂಬಳಕ್ಕೆ ಶಾಶ್ವತ ಬಿಡುಗಡೆ. ಸಿರಸಂಗಿಯ ವ್ಯಾಪಾರಿಗೆ ಈ ದಾರಿಯಿಂದ ಬರುವುದು 2,40,000. ಉಳಿದ 1,20,000ಕ್ಕೂ ಬಡ್ಡಿಗೂ ಅವನು ಬೇರೆ ಆಸ್ತಿಯನ್ನು ಹುಡುಕಬೇಕು. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಮಾತ್ರ ಕಾನೂನಿನ ಮನಸ್ಸು ಬೇರೆ: ಸಂಬಳದ ಮೂರರಲ್ಲಿ ಒಂದು ಪಾಲಷ್ಟೇ ನೌಕರನಿಗೆ ಕಾಯ್ದಿಟ್ಟದ್ದು.

ಋಣಿ ಸರಕಾರಿ ನೌಕರನಾಗಿದ್ದರೆ, ಅವನು ಎಲ್ಲಿಯೇ ಇರಲಿ, ಸವದತ್ತಿಯ ನ್ಯಾಯಾಲಯದ ಆಜ್ಞೆ ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ನೇರವಾಗಿ ಹೋಗಬಲ್ಲದು. ಖಾಸಗಿ ಕಂಪನಿಯ ನೌಕರನಾಗಿದ್ದು, ಬಟವಾಡೆಯ ಅಧಿಕಾರಿ ಬೆಂಗಳೂರಿನಲ್ಲಿದ್ದರೆ, ಡಿಕ್ರಿಯನ್ನು ಅಲ್ಲಿನ ನ್ಯಾಯಾಲಯಕ್ಕೆ ವರ್ಗಾಯಿಸಿಕೊಳ್ಳಬೇಕು. ಆಜ್ಞೆಯನ್ನು ಮೀರಿ ಪೂರ್ತಿ ಸಂಬಳ ಕೊಟ್ಟ ಮಾಲೀಕ ಆ ಹಣಕ್ಕೆ ತಾನೇ ಹೊಣೆಯಾಗುತ್ತಾನೆ.

ಇಷ್ಟೊಂದು ಕಟ್ಟುಪಾಡು ಸಾಲ ಕೊಟ್ಟವನಿಗೆ ಅನ್ಯಾಯವೆಂದು ತೋರಬಹುದು. ಆದರೆ ಋಣಿಯ ಮನೆಯ ಒಲೆಯೂ ಉರಿಯಬೇಕಲ್ಲವೆ? ಕೂಲಿಕಾರರ ಮತ್ತು ಮನೆಯಾಳುಗಳ ಕೂಲಿಗೆ ಜಪ್ತಿಯಿಲ್ಲ. ಸರಕಾರಿ ಪಿಂಚಣಿಗೂ ಇಲ್ಲ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಧರ್ಮಾಚಾರದಂತೆ ಹೆಣ್ಣುಮಗಳು ಮೈಮೇಲಿನಿಂದ ತೆಗೆಯಲಾಗದ ಆಭರಣ—ಇವುಗಳಿಗೂ ಬೇಲೀಫ ಕೈಹಾಕುವಂತಿಲ್ಲ. ಸಿರಸಂಗಿಯ ಕಾಳಿಕಾದೇವಿ ವಿಶ್ವಕರ್ಮರ ಆರಾಧ್ಯದೇವತೆ. ಆ ದೇವಿಗೆ ನಡೆದುಕೊಳ್ಳುವ ಕಮ್ಮಾರನ ಸುತ್ತಿಗೆ, ಬಡಗಿಯ ಉಳಿಗಳನ್ನೂ ಇದೇ ಸಂಹಿತೆ ಕಾಪಾಡುತ್ತದೆ. ಕಸುಬಿನ ಉಪಕರಣ ಹೋದರೆ ಸಾಲ ತೀರಿಸುವ ಕೈಯೇ ಹೋದಂತೆ. ಈ ರಕ್ಷಣೆ ತನಗೆ ಬೇಡವೆಂದು ಋಣಿಯೇ ಬರೆದುಕೊಟ್ಟರೂ ಆ ಕರಾರು ಅಸಿಂಧು.

ಡಿಕ್ರಿದಾರನ ಮುಖ್ಯ ತೊಡಕೆಂದರೆ, ಹಣ ಎಲ್ಲಿದೆಯೆಂಬುದು ತಿಳಿಯದಿರುವುದು. ಇದಕ್ಕೂ ಉಪಾಯವುಂಟು. ಋಣಿಯನ್ನು ಕರೆಸಿ, ಅವನ ಆಸ್ತಿಯ ವಿವರವನ್ನು ಪ್ರಮಾಣಪತ್ರದ ಮೂಲಕ ಕೊಡುವಂತೆ ನ್ಯಾಯಾಲಯವನ್ನು ಕೇಳಬಹುದು. ಆ ಆಜ್ಞೆಯನ್ನು ಪಾಲಿಸದವನಿಗೆ 3 ತಿಂಗಳವರೆಗೆ ಸಿವಿಲ್ ಬಂಧನ ಕಾದಿದೆ. ಸಾಲ ಕೊಡುವಾಗ ಪಡೆದ ಚೆಕ್ಕಿನ ಪ್ರತಿ, ಉದ್ಯೋಗದ ವಿಳಾಸ—ಇವನ್ನು ಜೋಪಾನವಾಗಿಟ್ಟವನಿಗೆ ಅರ್ಧ ದಾರಿ ಸವೆದಂತೆಯೇ. ಇನ್ನು ಋಣಿ ಕೋರ್ಟಿನ ಹೊರಗೆ ಹಣ ಕೊಟ್ಟರೆ, ಅದನ್ನು ನ್ಯಾಯಾಲಯದಲ್ಲಿ ದಾಖಲಿಸಿಕೊಳ್ಳಬೇಕು. ದಾಖಲಾಗದ ಪಾವತಿಯನ್ನು ಡಿಕ್ರಿ ಜಾರಿ ಮಾಡುವ ನ್ಯಾಯಾಲಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಣದ ಡಿಕ್ರಿಯ ಜಾರಿಗೆ 12 ವರ್ಷಗಳ ಅವಧಿಯಿದೆ. ದರಖಾಸ್ತು ಸಲ್ಲಿಸಿದ 6 ತಿಂಗಳೊಳಗೆ ಅದು ಇತ್ಯರ್ಥವಾಗಬೇಕು, ತಡವಾದರೆ ಕಾರಣವನ್ನು ಬರೆದಿಡಬೇಕು ಎಂದು ಸುಪ್ರೀಂ ಕೋರ್ಟು 2021ರಲ್ಲಿ ಆದೇಶಿಸಿತು. ಆದರೆ ದರಖಾಸ್ತೇ ಬಾರದೆ ಯಾವ ನ್ಯಾಯಾಲಯವೂ ವಸೂಲಿಗೆ ಹೊರಡುವುದಿಲ್ಲ. ಡಿಕ್ರಿಯ ನಕಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವನಿಗೆ, ಗೆದ್ದ ದಾವೆಯೂ ಸೋತ ದಾವೆಯೂ ಒಂದೇ.