ಸದ್ದನ್ನು ಅಡಗಿಸುವ ಸದ್ದು

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬುದು ನಮ್ಮಲ್ಲಿ ಹಳೆಯ ಮಾತು. ಸದ್ದನ್ನು ಸದ್ದಿನಿಂದಲೇ ತೆಗೆಯಬಹುದೆಂದರೆ ಮಾತ್ರ ಯಾರಾದರೂ ಒಮ್ಮೆ ಹುಬ್ಬೇರಿಸುವರು. ಒಂದು ಸದ್ದಿಗೆ ಇನ್ನೊಂದನ್ನು ಕೂಡಿಸಿದರೆ ಗದ್ದಲವು ಇಮ್ಮಡಿಯಾಗಬೇಕಲ್ಲದೆ ಇಲ್ಲವಾಗುವುದು ಹೇಗೆ? ಆದರೂ ಈ ಸೋಜಿಗವು ಇಂದು ಅಂಗಡಿಗಳಲ್ಲಿ ಪೆಟ್ಟಿಗೆಯೊಳಗೆ ಮಾರಾಟಕ್ಕೆ ದೊರೆಯುತ್ತದೆ.

ತಂತಿಯ ಹಂಗಿಲ್ಲದೆ ಮೊಬೈಲಿಗೋ ಲ್ಯಾಪ್‌ಟಾಪಿಗೋ ಜೊತೆಯಾಗುವ, ಸುತ್ತಲಿನ ಗದ್ದಲವನ್ನು ತಗ್ಗಿಸುವ, ಬೇಕಾದಾಗ ಸಿಕ್ಕಿಸಿ ಬೇಡವಾದಾಗ ಕಳಚಿಡಬಹುದಾದ ಮೈಕನ್ನೂ ಉಳ್ಳ ಹೆಡ್‌ಫೋನನ್ನು ಕೊಳ್ಳಬೇಕೆಂದು ಬಯಸುವ ವಿದ್ಯಾರ್ಥಿಗಳು ಈಗ ಅನೇಕರು. ಹಾಸ್ಟೆಲಿನ ಕೊಠಡಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳಬೇಕು. ಉದ್ಯೋಗದ ಸಂದರ್ಶನದಲ್ಲಿ ಮಾತು ಸ್ಪಷ್ಟವಾಗಿ ತಲುಪಬೇಕು. ಊರಿಗೆ ಹೋಗುವ ಬಸ್ಸಿನಲ್ಲಿ ಸಂಗೀತವನ್ನೂ ಆಲಿಸಬೇಕು. ಕೈಯಲ್ಲಿರುವ ಹಣ ಮಿತವಾದುದು, ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಭರವಸೆಗಳು ಅಮಿತವಾದವು. ಇವುಗಳಲ್ಲಿ ಯಾವುದಕ್ಕೆ ಹಣ ತೆರಬೇಕೆಂಬ ಪ್ರಶ್ನೆಗೆ ಜಾಹೀರಾತಿಗಿಂತ ಭೌತವಿಜ್ಞಾನವೇ ಒಳ್ಳೆಯ ಉತ್ತರ ಕೊಡಬಲ್ಲದು. ಈ ಪ್ರಶ್ನೆ ಹಣಕ್ಕೆ ಮಾತ್ರ ಸಂಬಂಧಿಸಿದುದಲ್ಲ, ಕಿವಿಗೂ ಸಂಬಂಧಿಸಿದುದು ಎಂಬುದನ್ನು ಕೊನೆಯಲ್ಲಿ ನೋಡೋಣ.

ಅಲೆಗೆ ಎದುರಲೆ

ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತ. ಒಂದು ಅಲೆಯ ಏರಿನ ಮೇಲೆ ಮತ್ತೊಂದು ಅಲೆಯ ಏರು ಬಂದು ಕೂಡಿದರೆ ಸದ್ದು ಹೆಚ್ಚುತ್ತದೆ. ಒಂದರ ಏರಿಗೆ ಸರಿಯಾಗಿ ಇನ್ನೊಂದರ ಇಳಿವು ಬಂದು ಕೂಡಿದರೆ ಎರಡೂ ಅಳಿದುಹೋಗುತ್ತವೆ. ಇದಕ್ಕೆ ವ್ಯತಿಕರಣವೆಂದು ಹೆಸರು. ಇಂಗ್ಲೆಂಡಿನ ತಾಮಸ್ ಯಂಗ್ 1801ರಲ್ಲಿ ಬೆಳಕಿನ ನಡತೆಯನ್ನು ವಿವರಿಸಲು ಬಳಸಿದ ತತ್ತ್ವವೂ ಇದೇ. ಇದನ್ನು ಸದ್ದಡಗಿಸಲು ಬಳಸಬಹುದೆಂದು ಜರ್ಮನಿಯ ಪಾಲ್ ಲ್ಯೂಗ್ ಸೂಚಿಸಿ 1936ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದನು. ಆದರೆ ಆತನ ಯೋಚನೆಯನ್ನು ಕಾರ್ಯರೂಪಕ್ಕೆ ತರಬಲ್ಲ ಚುರುಕಾದ ಉಪಕರಣಗಳು ಆಗ ಇರಲಿಲ್ಲ.

ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಮರ್ ಗೋಪಾಲ್ ಬೋಸ್ ಅವರು 1978ರಲ್ಲಿ ಯೂರೋಪಿನಿಂದ ವಿಮಾನದಲ್ಲಿ ಮರಳುತ್ತಿದ್ದರು. ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನ ಸಂಗೀತವನ್ನು ಎಂಜಿನ್ನಿನ ಮೊರೆತ ನುಂಗಿಹಾಕಿತು. ಅವರು ಅಲ್ಲಿಯೇ ಕಾಗದದ ಮೇಲೆ ಲೆಕ್ಕಾಚಾರಕ್ಕೆ ತೊಡಗಿದರು. ನಡುವೆ ಎಲ್ಲಿಯೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ 1986ರಲ್ಲಿ ಭೂಮಿಯನ್ನು ಸುತ್ತಿಬಂದ ‘ವಾಯೇಜರ್’ ವಿಮಾನದ ಇಬ್ಬರು ಚಾಲಕರು ಅವರ ಸಂಸ್ಥೆಯ ಪ್ರಾಯೋಗಿಕ ಹೆಡ್‌ಸೆಟ್ಟುಗಳನ್ನು ಧರಿಸಿದ್ದರು. 1989ರಲ್ಲಿ ವಿಮಾನ ಚಾಲಕರಿಗಾಗಿ ಇವು ಮಾರಾಟಕ್ಕೆ ಬಂದುವು.

ಇದರ ಕೆಲಸದ ಬಗೆ ಹೀಗೆ. ಕಿವಿಯನ್ನು ಮುಚ್ಚುವ ಬಟ್ಟಲಿನ ಹೊರಗೋ ಒಳಗೋ, ಉತ್ತಮವಾದವುಗಳಲ್ಲಿ ಎರಡೂ ಕಡೆ, ಪುಟ್ಟ ಮೈಕುಗಳಿರುತ್ತವೆ. ಹೊರಗಿನ ಅಲೆಯು ಬಟ್ಟಲಿನೊಳಗಿನ ಗಾಳಿಯನ್ನು ಒತ್ತಲು ಬಂದಾಗ, ಮೈಕಿನಿಂದ ಸುದ್ದಿ ತಿಳಿದ ವಿದ್ಯುನ್ಮಂಡಲವು ಹೆಡ್‌ಫೋನಿನ ಪರದೆಯನ್ನು ಹಿಂದಕ್ಕೆ ಸರಿಸಿ ಗಾಳಿಗೆ ಎಡೆಗೊಡುತ್ತದೆ. ಅಲೆಯು ಗಾಳಿಯನ್ನು ಸೆಳೆದಾಗ ಪರದೆಯನ್ನು ಮುಂದಕ್ಕೆ ದೂಡುತ್ತದೆ. ಹೀಗೆ ಕಿವಿಯ ಬಳಿ ಒತ್ತಡವು ಹೆಚ್ಚು ಕಡಮೆ ಒಂದೇ ಸಮನಾಗಿ ನಿಲ್ಲುತ್ತದೆ. ಒತ್ತಡದಲ್ಲಿ ಏರಿಳಿತವಿಲ್ಲದಿದ್ದರೆ ಸದ್ದೂ ಇಲ್ಲ.

ಕಾಲದೊಡನೆ ಪಂದ್ಯ

ಹಾಗಾದರೆ ಎಲ್ಲ ಸದ್ದೂ ಅಡಗಬೇಕಲ್ಲವೆ? ಅಡಗುವುದಿಲ್ಲ. ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಮೈಕು ಸದ್ದನ್ನು ಹಿಡಿದು, ಮಂಡಲವು ಎದುರಲೆಯನ್ನು ರಚಿಸಿ, ಪರದೆಯು ಅದನ್ನು ಹೊರಡಿಸುವ ಹೊತ್ತಿಗೆ ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ತಡವಾಯಿತೆಂದು ಭಾವಿಸೋಣ.

ಬಸ್ಸಿನ ಎಂಜಿನ್ನಿನಂತೆ ಸೆಕೆಂಡಿಗೆ 100 ಸಲ ಏರಿಳಿಯುವ, ಅಂದರೆ 100 ಹರ್ಟ್ಸ್ ಆವೃತ್ತಿಯ ಮೊರೆತಕ್ಕೆ ಈ ತಡವು ಒಂದು ಏರಿಳಿತದ ನೂರರಲ್ಲೊಂದು ಪಾಲು ಮಾತ್ರ. ಎದುರಲೆಯು ಬಹುಮಟ್ಟಿಗೆ ಸರಿಯಾಗಿಯೇ ಕೂಡಿಕೊಂಡು, ಮೂಲ ಅಲೆಯ ಎತ್ತರದಲ್ಲಿ ನೂರಕ್ಕೆ ಸುಮಾರು 6 ಪಾಲು ಮಾತ್ರ ಉಳಿಯುತ್ತದೆ. 1000 ಹರ್ಟ್ಸ್ ಸದ್ದಿಗಾದರೋ ಅದೇ ತಡವು ಏರಿಳಿತದ ಹತ್ತರಲ್ಲೊಂದು ಪಾಲಾಗುತ್ತದೆ. ನೂರಕ್ಕೆ 62 ಪಾಲು ಉಳಿದುಬಿಡುತ್ತದೆ. ಸುಮಾರು 1,670 ಹರ್ಟ್ಸ್ ತಲುಪಿದಾಗ ಎದುರಲೆಯಿಂದ ಏನೂ ಲಾಭವಿಲ್ಲ. 5000 ಹರ್ಟ್ಸ್‌ನಲ್ಲಿ ತಡವು ಅರ್ಧ ಏರಿಳಿತಕ್ಕೆ ಸಮನಾಗಿ, ಏರಿನ ಮೇಲೆ ಏರು ಬಂದು ಕುಳಿತು, ಸದ್ದಿನ ಅಲೆಯು ಇಮ್ಮಡಿಯಾಗುತ್ತದೆ! ತ್ರಿಕೋನಮಿತಿ ಬಲ್ಲವರು ಇದನ್ನು ತಾವೇ ಪರೀಕ್ಷಿಸಬಹುದು. ಒಂದು ಪೂರ್ಣ ಏರಿಳಿತವನ್ನು 360 ಡಿಗ್ರಿಯೆಂದಿಟ್ಟುಕೊಂಡರೆ, ತಡವು ಎಷ್ಟು ಡಿಗ್ರಿಯೋ ಅದರ ಅರ್ಧದ ಸೈನ್ ಬೆಲೆಯ ಎರಡರಷ್ಟೇ ಉಳಿಯುವ ಪಾಲು.

ಈ ಕಾರಣದಿಂದಲೇ ತಯಾರಕರು ಎದುರಲೆಯ ಕೆಲಸವನ್ನು ತಗ್ಗಿನ ಆವೃತ್ತಿಗಳಿಗೆ ಸೀಮಿತಗೊಳಿಸಿ, ಮೇಲಿನವುಗಳನ್ನು ಕಿವಿಯ ಸುತ್ತಲಿನ ಮೆತ್ತೆಗೆ ಬಿಟ್ಟುಕೊಡುತ್ತಾರೆ. ಮೆತ್ತೆಯು ಕೀಚಲು ಸದ್ದುಗಳನ್ನು ಚೆನ್ನಾಗಿ ತಡೆಯುತ್ತದೆ, ಮೊರೆತವನ್ನು ತಡೆಯಲಾರದು. ಹೀಗೆ ಒಂದರ ಕುಂದನ್ನು ಇನ್ನೊಂದು ತುಂಬುತ್ತದೆ. ಇವೆರಡರ ನಡುವಿನ ಎಡೆಯಲ್ಲಿ ನುಸುಳಿಬರುವುದೇ ಮನುಷ್ಯನ ಮಾತು. ಫ್ಯಾನು, ಹವಾನಿಯಂತ್ರಕ, ಬಸ್ಸು, ರೈಲು, ವಿಮಾನಗಳ ಒಂದೇ ಸಮನಾದ ಮೊರೆತವು ಅಡಗುತ್ತದೆ; ಪಕ್ಕದ ಮಂಚದವನ ಹರಟೆ, ಕುಕ್ಕರಿನ ಸೀಟಿ, ಪಾತ್ರೆ ಬಿದ್ದ ಸದ್ದು ತಗ್ಗಿಯಾದರೂ ಕೇಳುತ್ತಲೇ ಇರುತ್ತವೆ. ಪೆಟ್ಟಿಗೆಯ ಮೇಲೆ ಇಷ್ಟು ಡೆಸಿಬೆಲ್ ಇಳಿಸುತ್ತದೆಂದು ದೊಡ್ಡ ಅಂಕಿಯಿದ್ದರೆ, ಅದು ಸಾಮಾನ್ಯವಾಗಿ ಅತಿ ಹೆಚ್ಚು ಅಡಗಿದ ಆವೃತ್ತಿಗೆ ಸಂಬಂಧಿಸಿದ್ದು. ಎಲ್ಲ ಸದ್ದಿಗೂ ಅನ್ವಯಿಸತಕ್ಕದ್ದಲ್ಲ.

ಎರಡು ಹೆಸರು, ಎರಡು ಕೆಲಸ

ಕೊಳ್ಳುವವರು ಹೆಚ್ಚಾಗಿ ಎಡವುವುದು ಎ.ಎನ್.ಸಿ. ಮತ್ತು ಇ.ಎನ್.ಸಿ. ಎಂಬ ಎರಡು ಹೆಸರುಗಳ ನಡುವೆ. ಮೊದಲನೆಯದು ನಾವು ಇದುವರೆಗೆ ವಿವರಿಸಿದ ಉಪಾಯ. ಅದರ ಪ್ರಯೋಜನ ಧರಿಸಿದವನ ಕಿವಿಗೆ. ಎರಡನೆಯದು ಮೈಕಿಗೆ ಸೇರಿದ್ದು. ನಮ್ಮ ಮಾತಿನೊಡನೆ ಬೆರೆತುಹೋಗುವ ಗದ್ದಲವನ್ನು ಸೋಸಿ ಕಳುಹಿಸುತ್ತದೆ. ಅದರ ಪ್ರಯೋಜನ ಆ ಕಡೆಯಿಂದ ಕೇಳುತ್ತಿರುವವರಿಗೆ. ಅಗ್ಗದ ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಇ.ಎನ್.ಸಿ. ಎಂದಷ್ಟೇ ಇದ್ದರೆ, ಬಸ್ಸಿನ ಮೊರೆತ ನಿಮಗೆ ಎಂದಿನಂತೆ ಕೇಳುವುದರಲ್ಲಿ ಸಂದೇಹವಿಲ್ಲ.

ಗದ್ದಲವನ್ನು ಮಂಡಲದಿಂದ ಸೋಸುವುದಕ್ಕಿಂತ ಸರಳವಾದ ಉಪಾಯ ಮತ್ತೊಂದಿದೆ. ಅದೇ ಮೈಕನ್ನು ಬಾಯಿಯ ಹತ್ತಿರಕ್ಕೆ ತರುವುದು. ಬಟ್ಟಲಿನಲ್ಲಿ ಅಡಗಿರುವ ಮೈಕು ಬಾಯಿಯಿಂದ ಸುಮಾರು 15 ಸೆಂಟಿಮೀಟರು ದೂರದಲ್ಲಿದೆ ಎನ್ನೋಣ. ಕಡ್ಡಿಯ ತುದಿಯಲ್ಲಿ ಮುಂದಕ್ಕೆ ಚಾಚಿದ ಮೈಕು 3 ಸೆಂಟಿಮೀಟರು ದೂರದಲ್ಲಿ. ದೂರವು ಐದರಲ್ಲೊಂದು ಪಾಲಾದರೆ, ವರ್ಗವಿಲೋಮ ನಿಯಮದಂತೆ ತಲುಪುವ ಮಾತಿನ ತೀವ್ರತೆ ಸುಮಾರು 25 ಮಡಿಯಾಗುತ್ತದೆ. ಕೋಣೆಯ ಗದ್ದಲವಾದರೋ ಎರಡು ಸ್ಥಳಗಳಲ್ಲಿಯೂ ಒಂದೇ ಸಮ. ಯಾವ ಮಂಡಲವೂ ಇಲ್ಲದೆ, ಬರಿಯ ಒಂದು ಕಡ್ಡಿಯಿಂದ ಸುಮಾರು 14 ಡೆಸಿಬೆಲ್ ಲಾಭ! ಮೈಕನ್ನು ಬಾಯಿಗೆ ನೇರವಾಗಿಡದೆ ತುಟಿಯ ಅಂಚಿಗೆ ಸರಿಸಿದರೆ ಉಸಿರಿನ ರಭಸವೂ ತಗಲುವುದಿಲ್ಲ.

ಕಳಚಬಲ್ಲ ಮೈಕಿನ ಅನುಕೂಲವೆಂದರೆ ಬಸ್ಸಿನಲ್ಲಿ ಅದನ್ನು ಚೀಲದಲ್ಲಿಡಬಹುದು, ಮುರಿದರೆ ಅದೊಂದನ್ನೇ ಬದಲಾಯಿಸಬಹುದು. ಆದರೆ ಅದು ಎಲ್ಲಿ ಸಿಕ್ಕಿಕೊಳ್ಳುತ್ತದೆಂಬುದನ್ನು ಗಮನಿಸಬೇಕು. ಕೆಲವು ಹೆಡ್‌ಫೋನುಗಳಲ್ಲಿ ಮೈಕಿಗೆಂದೇ ಪ್ರತ್ಯೇಕ ಕಿಂಡಿಯಿದ್ದು, ತಂತಿಯಿಲ್ಲದೆಯೂ ಅದು ಕೆಲಸ ಮಾಡುತ್ತದೆ. ಬೇರೆ ಕೆಲವಕ್ಕೆ 3.5 ಮಿಲಿಮೀಟರಿನ ಕಿಂಡಿಯೊಂದೇ ಇರುತ್ತದೆ. ಅದಕ್ಕೆ ಮೈಕಿರುವ ತಂತಿಯನ್ನು ಸಿಕ್ಕಿಸಿದರೆ, ತಂತಿಯ ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೆ ಜೋಡಿಸಬೇಕಾಗುತ್ತದೆ. ಆ ತುದಿಯ ಪಿನ್ನಿನ ಮೇಲೆ ಮೂರು ಉಂಗುರಗೆರೆಗಳಿದ್ದರೆ ಕೇಳುವುದೂ ಮಾತನಾಡುವುದೂ ಒಂದೇ ಪಿನ್ನಿನಿಂದ ಸಾಗುತ್ತವೆ. ಎರಡೇ ಇದ್ದರೆ ಕೇಳುವುದಕ್ಕೆ ಮಾತ್ರ.

ತಂತಿಯಿಲ್ಲದ ದಾರಿಯ ಇಕ್ಕಟ್ಟು

ಒಳ್ಳೆಯ ಮೈಕಿದ್ದರೂ ತಂತಿಯಿಲ್ಲದ ದಾರಿಯಲ್ಲಿ ಮಾತು ಸೊರಗುವುದುಂಟು. ಬ್ಲೂಟೂತ್ ಎಂಬ ರೇಡಿಯೊ ಸಂಪರ್ಕವು ಸಂಗೀತವನ್ನು ಒಂದೇ ದಿಕ್ಕಿನಲ್ಲಿ ಸಾಗಿಸುವಾಗ ಇಡೀ ದಾರಿಯನ್ನು ಅದಕ್ಕೇ ಬಿಟ್ಟುಕೊಡುತ್ತದೆ. ಮೈಕನ್ನು ತೆರೆದೊಡನೆ ಎರಡು ದಿಕ್ಕಿನ ಸಂಚಾರವಾಗಿ, ಎರಡೂ ಇಕ್ಕಟ್ಟಾಗುತ್ತವೆ. ಇದರ ಹಳೆಯ ವಿಧಾನದಲ್ಲಿ ಮಾತನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಿದ್ದರು. ಹಾಗೆ ಅಳೆದಾಗ 4,000 ಹರ್ಟ್ಸ್‌ಗಿಂತ ಮೇಲಿನ ಸದ್ದು ಸಾಗಲಾರದು. ‘ಸ’ಕಾರದ ಸೀತ್ಕಾರದ ಹೆಚ್ಚಿನ ಪಾಲು ಅದಕ್ಕಿಂತ ಮೇಲೆಯೇ ಇರುವುದರಿಂದ ಮಾತು ಗೋಣಿಚೀಲದೊಳಗಿಂದ ಬಂದಂತೆ ಕೇಳುತ್ತದೆ. 2011ರಲ್ಲಿ ಸೇರಿದ ವಿಧಾನವು ಸೆಕೆಂಡಿಗೆ 16,000 ಸಲ ಅಳೆಯುತ್ತದೆ; ಇತ್ತೀಚಿನವು ಇನ್ನೂ ಉತ್ತಮ. ಆದರೆ ಹೆಡ್‌ಫೋನೂ ಲ್ಯಾಪ್‌ಟಾಪೂ ಎರಡೂ ಹೊಸ ವಿಧಾನವನ್ನು ಬಲ್ಲವಾಗಿರಬೇಕು.

ಆದುದರಿಂದ ಮಹತ್ತ್ವದ ಸಂದರ್ಶನವಿದ್ದಾಗ ತಂತಿಯನ್ನು ಬಳಸುವುದೇ ಲೇಸು. ಕೆಲವು ಹೆಡ್‌ಫೋನುಗಳ ಜೊತೆಯಲ್ಲಿ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸುವ ಪುಟ್ಟ ಗ್ರಾಹಕವನ್ನು ಕೊಡುತ್ತಾರೆ. ಅದರ ದಾರಿ ಸಾಮಾನ್ಯವಾಗಿ ಬ್ಲೂಟೂತಿಗಿಂತ ವಿಶಾಲ. ಎರಡೂ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಸ್ವಂತ ಮೈಕನ್ನೇ ಮಾತಿಗೆ ಆರಿಸಿ, ಹೆಡ್‌ಫೋನನ್ನು ಕೇಳಲು ಮಾತ್ರ ಇಟ್ಟುಕೊಳ್ಳಬಹುದು.

ಅಂಗಡಿಯಲ್ಲಿ ನಾಲ್ಕು ಪರೀಕ್ಷೆಗಳು

ಮೊದಲು, ಸಂಗೀತ ಹಾಕದೆಯೇ ಹೆಡ್‌ಫೋನನ್ನು ಧರಿಸಿ ಅಂಗಡಿಯ ಫ್ಯಾನಿನ ಕೆಳಗೆ ನಿಲ್ಲಿರಿ. ಎ.ಎನ್.ಸಿ. ಗುಂಡಿಯನ್ನು ಒತ್ತಿದೊಡನೆ ಮೊರೆತವು ಸ್ಪಷ್ಟವಾಗಿ ತಗ್ಗಬೇಕು. ಅದರ ಬದಲು ‘ಸ್ಸ್’ ಎಂಬ ಹೊಸ ಸದ್ದು ಹುಟ್ಟಬಾರದು. ಎರಡನೆಯದಾಗಿ, ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲನೆ ಒತ್ತಿರಿ. ಒತ್ತಿದಾಗ ಸದ್ದು ಇನ್ನಷ್ಟು ತಗ್ಗಿದರೆ ಮೆತ್ತೆ ಸರಿಯಾಗಿ ಕೂತಿಲ್ಲವೆಂದು ಅರ್ಥ. ಕನ್ನಡಕ ಧರಿಸುವವರು ಧರಿಸಿಯೇ ನೋಡಬೇಕು. ಅದರ ಕಡ್ಡಿ ಬಿಡುವ ಸಣ್ಣ ಸಂದಿನಿಂದಲೇ ಮೊರೆತ ಒಳನುಗ್ಗುತ್ತದೆ. ಮೂರನೆಯದಾಗಿ, ಅದೇ ಫ್ಯಾನಿನ ಕೆಳಗೆ ನಿಮ್ಮ ಮಾತನ್ನು ತಂತಿಯಿಲ್ಲದೆಯೇ ಮುದ್ರಿಸಿಕೊಂಡು ಕೇಳಿರಿ. ಮೈಕಿನ ಯೋಗ್ಯತೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ನಾಲ್ಕನೆಯದಾಗಿ, ಬ್ಯಾಟರಿ ಮುಗಿದ ಮೇಲೆ ತಂತಿಯಿಂದ ಕೇಳಬಹುದೇ, ಸವೆದ ಮೆತ್ತೆಯನ್ನು ಬದಲಾಯಿಸಬಹುದೇ, ಹೇಳಿರುವ ಗಂಟೆಗಳ ಲೆಕ್ಕ ಎ.ಎನ್.ಸಿ. ನಡೆಯುತ್ತಿರುವಾಗಿನದೇ ಎಂದು ವಿಚಾರಿಸಿರಿ.

ಹಣ ಮಿತವಾಗಿದ್ದರೆ ಎಲ್ಲ ಗುಣಗಳನ್ನೂ ಒಂದೇ ವಸ್ತುವಿನಲ್ಲಿ ಅರಸುವುದು ಜಾಣತನವಲ್ಲ. ನಿಮ್ಮನ್ನು ಕಾಡುವ ಗದ್ದಲ ಯಾವುದೆಂಬುದನ್ನು ಮೊದಲು ನಿರ್ಧರಿಸಿರಿ. ದಿನವೂ ಬಸ್ಸಿನಲ್ಲೋ ರೈಲಿನಲ್ಲೋ ಗಂಟೆಗಟ್ಟಲೆ ಪಯಣಿಸುವವರು ಎ.ಎನ್.ಸಿ.ಗೆ ಹಣ ತೆರುವುದು ಸಾರ್ಥಕ. ಕೊಠಡಿಯ ಜೊತೆಗಾರರ ಮಾತೇ ತೊಂದರೆಯಾದರೆ ದಪ್ಪ ಮೆತ್ತೆಯ ಸಾಧಾರಣ ಹೆಡ್‌ಫೋನೇ ಸಾಕು; ಉಳಿದ ಹಣದಲ್ಲಿ ಒಳ್ಳೆಯ ಮೈಕು ದೊರೆಯುತ್ತದೆ. ಮಾತನಾಡುವುದೇ ಮುಖ್ಯವಾದರೆ ಬಾಯಿಯ ಬಳಿಗೆ ಬರುವ ಮೈಕಿಗೆ ಮೊದಲ ಸ್ಥಾನ, ಉಳಿದುದೆಲ್ಲ ಆಮೇಲೆ.

ಕಿವಿಯ ಬೆಲೆ

ಕೊನೆಯದಾಗಿ ಕಿವಿಯ ಮಾತು. ಒಳಗಿವಿಯಲ್ಲಿ ಸದ್ದನ್ನು ನರಗಳಿಗೆ ತಲುಪಿಸುವ ಸೂಕ್ಷ್ಮವಾದ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇವೆ. ಸತ್ತ ಕೋಶವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. 12ರಿಂದ 35 ವರ್ಷ ವಯಸ್ಸಿನ ನೂರು ಕೋಟಿಗೂ ಹೆಚ್ಚು ಮಂದಿ ಸಂಗೀತವೇ ಮೊದಲಾದ ವಿನೋದದ ಸದ್ದಿನಿಂದ ಶ್ರವಣಶಕ್ತಿಯನ್ನು ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಎಚ್ಚರಿಸಿತು.

ಈ ಸಂಸ್ಥೆಯ ಮಾರ್ಗದರ್ಶನದಂತೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು; 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ಡೆಸಿಬೆಲ್ ಎಂಬುದು ಗುಣಾಕಾರದ ಅಳತೆ. 10 ಡೆಸಿಬೆಲ್ ಏರಿದರೆ ಸದ್ದಿನ ತೀವ್ರತೆ ಹತ್ತು ಮಡಿಯಾಗುತ್ತದೆ, ನಿರಪಾಯದ ಕಾಲವು ಹತ್ತರಲ್ಲೊಂದು ಪಾಲಾಗುತ್ತದೆ. ಬಸ್ಸಿನ ಮೊರೆತವನ್ನು ಮೀರಿಸಲು ನಾವು ಸಂಗೀತವನ್ನು ಹೆಚ್ಚಿಸುತ್ತಾ ಹೋಗುವಾಗ ಕಿವಿ ತೆರುವ ಸುಂಕ ಇದು. ಮೊರೆತವು ಅಡಗಿದರೆ ಸಂಗೀತವನ್ನೂ 10 ಡೆಸಿಬೆಲ್ ಇಳಿಸಬಹುದು; ಎ.ಎನ್.ಸಿ.ಯ ನಿಜವಾದ ಲಾಭವಿರುವುದು ಇಲ್ಲಿಯೇ. ಅದನ್ನು ಕೊಂಡ ಮೇಲೂ ಸಂಗೀತವನ್ನು ಹಿಂದಿನಂತೆಯೇ ಅಬ್ಬರಿಸಲು ಬಿಟ್ಟರೆ ಕೊಟ್ಟ ಹಣ ಕಿವಿಯ ಪಾಲಿಗೆ ವ್ಯರ್ಥ. ರಸ್ತೆ ದಾಟುವಾಗ ಮಾತ್ರ ಹೆಡ್‌ಫೋನು ಕೊರಳಿಗಿಳಿಯಬೇಕು. ಹಿಂದಿನಿಂದ ಬರುವ ವಾಹನದ ಮೊರೆತವೂ ಅದು ಅಡಗಿಸುವ ಸದ್ದುಗಳಲ್ಲಿ ಒಂದು.